ಜೋಡಿ ಇಲ್ಲದವರಿಗೂ ಆಟವುಂಟು

ನಮ್ಮ ಈ ಪರದೇಶದ ಊರು ಎರಿನ್ ಮಿಲ್ಸಿನಲ್ಲಿ ಚಳಿಗಾಲ ಬಂತೆಂದರೆ ನಮ್ಮ ಮನೆಗಳ ಹಿರಿಯರ ಪಾಡು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಹೊರಗೆ ಸ್ನೋ, ಒಳಗೆ ಸೊನ್ನೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಬಾಯಿ ಬಿಡುವುದು ಮನೆ ಬೆಚ್ಚಗಿಡುವ ಫರ್ನೇಸ್ ಒಂದೇ. ಅದೂ ‘ಗುರ್ರ್’ ಎಂದು ಬೈದಂತೆ. ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಫ್ರಿಜ್ಜಿಗೆ, ಅಲ್ಲಿಂದ ಮತ್ತೆ ಸೋಫಾಕ್ಕೆ. ದಿನವಹಿ ಯಾತ್ರೆ ಅಷ್ಟೇ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ, ಹೆಂಡತಿ ನಾಗವ್ವನೊಡನೆ ಮಗಳು ಅಕ್ಷರಾಳ ಮನೆ ಸೇರಿದ್ದ ಶೇಖಪ್ಪನವರಿಗೆ ಆ ಯಾತ್ರೆ ಒಂದೇ ಚಳಿಗಾಲಕ್ಕೆ ಸಾಕುಸಾಕಾಯಿತು. 2015ರಲ್ಲಿ ಅವರು ಪರಿಚಯದ ಕನ್ನಡದವರನ್ನು ಕೂಡಿಸಿ, ಹತ್ತಿರದ ಶಾಲೆಯೊಂದರ ಜಿಮ್ಮನ್ನು ಭಾನುವಾರದ ಬೆಳಗಿಗೆ ಬಾಡಿಗೆ ಹಿಡಿದು, ಪಿಕಲ್‌ಬಾಲ್ ಕ್ಲಬ್ಬು ಶುರು ಮಾಡಿದರು.

“ಉಪ್ಪಿನಕಾಯಿ ಆಟಾನ? ಹಂಗಾರ ಭರಣಿ ತರ್ಲೇನ್ರಿ?” ಎಂದು ನಾಗವ್ವ ನಕ್ಕಿದ್ದಳು.

ಆಟವೇನೂ ಕಷ್ಟದ್ದಲ್ಲ. ಟೇಬಲ್ ಟೆನಿಸ್ ಬ್ಯಾಟಿಗೆ ಅಣ್ಣನಂತಿರುವ ಬ್ಯಾಟು, ಜರಡಿಯಂತೆ ತೂತುತೂತಾದ ಪ್ಲಾಸ್ಟಿಕ್ ಚೆಂಡು, ನಡುವೆ ಸೊಂಟದೆತ್ತರದ ನೆಟ್ಟು, ಆಚೆಗಿಬ್ಬರು, ಈಚೆಗಿಬ್ಬರು. ಚೆಂಡು ‘ಟೊಕ್’ ಅನ್ನುತ್ತದೆ, ಮಂಡಿ ‘ಕಟಕ್’ ಅನ್ನುತ್ತದೆ, ಎರಡೂ ಸೇರಿ ಒಳ್ಳೆಯ ತಾಳ. ನೆಟ್ಟಿನ ಪಕ್ಕದ ಜಾಗಕ್ಕೆ ಕಿಚನ್ ಎಂದು ಹೆಸರು. ಅಲ್ಲಿ ನಿಂತು, ಚೆಂಡು ನೆಲಕ್ಕೆ ಪುಟಿಯುವ ಮೊದಲೇ ಹೊಡೆದರೆ ತಪ್ಪು. ಮನೆಯ ಕಿಚನ್ನಿಗೆ ಜನ್ಮದಲ್ಲಿ ಕಾಲಿಡದ ಗಂಡಸರು ಇಲ್ಲಿ ಕಾಲಿಟ್ಟೂ ಇಟ್ಟೂ ಪಾಯಿಂಟು ಕಳೆದುಕೊಂಡರು.

ಆದರೆ ಮೊದಮೊದಲು ಆಡಿದ್ದು ಗಂಡಸರೇ. ಹೆಂಗಸರು ಅವಲಕ್ಕಿ, ಚುರುಮುರಿ ಕಟ್ಟಿ ತಂದು ಗೋಡೆಗೊರಗಿ ಕೂರುತ್ತಿದ್ದರು. ಗಂಡಸರಿಗೆ ಡಬಲ್ಸು, ಹೆಂಗಸರಿಗೆ ಡಬ್ಬಿ. ಶೇಖಪ್ಪನವರಿಗೆ ಇದು ಸರಿಬರಲಿಲ್ಲ. ಒಂದು ಭಾನುವಾರ ಬಾಗಿಲಲ್ಲಿ ನಿಂತು ಘೋಷಿಸಿಬಿಟ್ಟರು: “ಇನ್ನ ಮ್ಯಾಲ ಗಂಡ-ಹೆಂಡ್ತಿ ಜೋಡಿಯಾಗಿ ಆಡೂದು. ಹೆಂಡ್ತಿ ಕೈಯಾಗ ಬ್ಯಾಟ್ ಇಲ್ಲಂದ್ರ ಗಂಡಗೂ ಆಟಿಲ್ಲ!”

ನಿಯಮ ಕೆಲಸ ಮಾಡಿತು. ಡಬ್ಬಿಗಳು ಮೂಲೆ ಸೇರಿದವು, ಹೆಂಗಸರು ನಡುವಿಗೆ ಬಂದರು. ನಾಗವ್ವನಂತೂ ಗಂಡನಿಗಿಂತ ಚೂಟಿಯಾದಳು. ಎಲ್ಲರೂ ಶೇಖಪ್ಪನವರ ಬೆನ್ನು ತಟ್ಟಿದರು. ಜೋಡಿ ಇಲ್ಲದವರು ಏನು ಮಾಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಗಂಡ ತೀರಿಕೊಂಡ ಚನ್ನಬಸವ್ವ ಒಂದು ಸಲ ಬಂದು, ನೋಡಿ, ಸುಮ್ಮನೆ ಹೋದಳು. ಗಂಡನಿಂದ ಬೇರೆಯಾಗಿ ಮಗಳೊಡನೆ ಇರುವ ಮೈಸೂರಿನ ವಸಂತಾ ಬಂದಾಗ, ಶೇಖಪ್ಪನವರು ಮೆತ್ತಗೇ ಹೇಳಿದ್ದರು: “ಯಾರನ್ನರ ಜೋಡಿ ಮಾಡ್ಕೊಂಡ ಬಾ ತಂಗಿ. ಎಲ್ಲಾರಿಗೂ ಒಂದs ರೂಲು.”

ವಸಂತಾ ಮತ್ತೆ ಬರಲಿಲ್ಲ.

2017ರ ಡಿಸೆಂಬರಿನಲ್ಲಿ ನಾಗವ್ವ ಬಚ್ಚಲಲ್ಲಿ ಕುಸಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

ಮೊದಲ ವಾರಗಳಲ್ಲಿ ಕ್ಲಬ್ಬಿನವರೆಲ್ಲ ಬಂದರು. ರೊಟ್ಟಿ ತಂದರು, ಝುಣಕ ತಂದರು, ಕೈ ಹಿಡಿದು ಕೂತರು. ಆಮೇಲೆ ಒಬ್ಬರೂ ಫೋನು ಮಾಡಲಿಲ್ಲ. ದುಃಖದ ಮನೆಗೆ ‘ಆಟಕ್ಕೆ ಬನ್ನಿ’ ಎಂದು ಹೇಗೆ ಹೇಳುವುದು ಎಂಬ ಸಂಕೋಚ ಅವರದು. ನನ್ನ ಜೋಡಿ ಹೋಯಿತು, ನನ್ನ ಲೆಕ್ಕವೂ ಹೋಯಿತು ಎಂಬ ತಿಳಿವಳಿಕೆ ಇವರದು. ಇಬ್ಬರೂ ಮರ್ಯಾದೆಯಿಂದಲೇ ದೂರವಾದರು.

ಶೇಖಪ್ಪನವರು ಬೇಸ್‌ಮೆಂಟಿನ ಕೋಣೆಯಿಂದ ಮೇಲೆ ಬರುವುದನ್ನೇ ಬಿಟ್ಟರು. ಊಟ ಮಾಡಿದೆ ಎನ್ನುತ್ತಿದ್ದರು. ತಟ್ಟೆ ಹಾಗೇ ಇರುತ್ತಿತ್ತು. ಬಾಗಿಲಲ್ಲಿ ಮೊಮ್ಮಗಳು ಪ್ರಕೃತಿ ಇಣುಕಿ, “ಅಜ್ಜಾ, ಆರ್ ಯು ಸ್ಲೀಪಿಂಗ್?” ಎಂದರೆ ಕಣ್ಣು ತೆರೆದೇ “ಹೂಂ” ಎನ್ನುತ್ತಿದ್ದರು.

ಮಾರ್ಚಿನಲ್ಲಿ ಅಕ್ಷರಾ ಕೇಳಿದಳು. “ಅಪ್ಪಾ, ಜಿಮ್ ಬುಕಿಂಗ್ ನಿಮ್ಮ ಹೆಸರಲೇ ಐತಿ. ಈ ವಾರ ರಿನ್ಯೂ ಮಾಡದಿದ್ರ ಬ್ಯಾರೇದವರಿಗೆ ಹೋಗ್ತೈತಂತ.”

“ಹೋಗ್ಲಿ.”

“ಕ್ಲಬ್ ಬಂದ್ ಆಗ್ತೈತಲ್ಲ?”

“ಆಗ್ಲಿ ಬಿಡವಾ. ನಾ ಮಾಡಿದ್ದು, ನಾನs ಮುಚ್ಚತೇನಿ.”

“ನೀವು ಮುಚ್ಚಾಕತ್ತಿದ್ದು ಕ್ಲಬ್ಬಲ್ಲಪ್ಪಾ,” ಎಂದಳು ಅಕ್ಷರಾ. ಅವಳು ಮೇಲೆ ಹೋಗಿ, ನೀರಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಕೆಳಗೆ ಶೇಖಪ್ಪನವರಿಗೆ ಅದು ಕೇಳುತ್ತಿತ್ತು.

ಮರುದಿನವೇ ವಸಂತಾ ಬಂದಳು. ಕೈಯಲ್ಲಿ ಒಂದು ಚೀಲ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆಯೇ ಕೂತು ಚೀಲದಿಂದ ಒಂದು ಜೊತೆ ಬಿಳಿ ಆಟದ ಶೂ ತೆಗೆದು ಮುಂದಿಟ್ಟಳು. ಸಣ್ಣ ಪಾದದ್ದು, ಬೆರಳ ತುದಿಯಲ್ಲಿ ಸವೆದದ್ದು.

“ಯಾರದವು?” ಎಂದರು ಶೇಖಪ್ಪನವರು.

“ನಾಗಕ್ಕಂದು. ನನ್ ಕಾರಿನ ಡಿಕ್ಕೀಲೇ ಇತ್ತು. ಎಷ್ಟು ಸಲ ತರಬೇಕು ಅಂದ್ಕೊಂಡೆ ಶೇಖಪ್ಪೋರೇ, ಈ ಮನೆ ಬಾಗ್ಲಿಗೆ ಬಂದು ವಾಪಸ್ ಹೋದೆ.”

“ಆಕೀ ಶೂ ನಿನ್ನ ಡಿಕ್ಕ್ಯಾಗ ಯಾಕ?”

“ಮಂಗಳವಾರ ನಂಗೆ ರಜಾ ಅಲ್ವಾ, ಅವತ್ತು ಕಮ್ಯುನಿಟಿ ಸೆಂಟರಲ್ಲಿ ಡ್ರಾಪ್-ಇನ್ ಆಟ ಇರತ್ತೆ. ಯಾರ್ ಬೇಕಾದ್ರೂ ಹೋಗಬೋದು. ನೀವು ನನ್ನ ವಾಪಸ್ ಕಳಿಸಿದ ದಿನ ನಾಗಕ್ಕ ಪಾರ್ಕಿಂಗ್ ಲಾಟ್‌ವರೆಗೂ ಓಡಿ ಬಂದ್ರು. ‘ಜೋಡಿ ನಾ ಬರ್ತೇನಿ, ನಡಿ’ ಅಂದ್ರು. ಅವತ್ತಿಂದ ಮಂಗಳವಾರ ತಪ್ಪಿಸಿಲ್ಲ.”

ಶೇಖಪ್ಪನವರು ಶೂಗಳನ್ನೇ ನೋಡಿದರು. ಮಂಗಳವಾರ ಎಂದರೆ ಲೈಬ್ರರಿಯ ದಿನ. ನಾಗವ್ವ ಪ್ರಕೃತಿಗೆಂದು ಚಿತ್ರದ ಪುಸ್ತಕ ತರುತ್ತಿದ್ದಳು. ಬೆವರಿ ಬರುತ್ತಿದ್ದಳು, ಬಸ್ಸು ಹಿಡಿಯಲು ಓಡಿದೆ ಎನ್ನುತ್ತಿದ್ದಳು.

“ನನಗ್ಯಾಕ ಹೇಳಲಿಲ್ಲಾಕಿ?”

“ಬೇರೆಯವರ ಜೊತೆ ಸೇರಿ ಆಡಿದ್ರೆ ನಿಮಗೆ ಬೇಜಾರಾಗತ್ತೆ ಅಂತ. ‘ನಮ್ಮವರು ಕ್ಲಬ್ಬನ್ನ ಮಗನಂಗ ಸಾಕ್ಯಾರ’ ಅಂತಿದ್ರು.”

ವಸಂತಾಳ ಬಾಯಲ್ಲಿ ಧಾರವಾಡದ ಮಾತು ಸೊಟ್ಟಗೆ ಬಂತು. ಶೇಖಪ್ಪನವರಿಗೆ ನಗು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬಂತು. ತಾನಿಲ್ಲದೆ ನಾಗವ್ವ ನಕ್ಕ ಅಷ್ಟೂ ಮಂಗಳವಾರಗಳ ಮೇಲೆ ಬಂತು.

“ಒಂದು ವಿಷ್ಯ ಹೇಳಬೇಕು,” ಎಂದಳು ವಸಂತಾ, ತಲೆ ತಗ್ಗಿಸಿ. “ಅಲ್ಲಿಯವರಿಗೆ ನಾನಿನ್ನೂ ಹೇಳಿಲ್ಲ. ‘ನಾಗಾ ಎಲ್ಲಿ, ನಾಗಾ ಎಲ್ಲಿ’ ಅಂತಾರೆ. ನಾಲಿಗೆ ಏಳ್ಲಿಲ್ಲ. ಊರಿಗೆ ಹೋಗಿದಾರೆ ಅಂದ್ಬಿಟ್ಟೆ. ಈಗ ಅವ್ರು ದಿನಾ ಎಣಿಸ್ತಿದಾರೆ.”

ಶೇಖಪ್ಪನವರು ಬೆನ್ನು ನೆಟ್ಟಗೆ ಮಾಡಿದರು. ಅವರ ಮನೆತನದಲ್ಲಿ ಸಾವಿನ ಸುದ್ದಿಯನ್ನು ಮನೆಯವರೇ ಮುಟ್ಟಿಸಬೇಕು. ಇನ್ನೊಬ್ಬರ ಬಾಯಿಂದ ಹೋಗಬಾರದು. ಊರಲ್ಲಿ ಅದಕ್ಕಾಗಿ ಬಸ್ಸು ಹತ್ತಿ ಹೋಗಿಬಂದವರು ಅವರು.

“ಹಂಗ ಬಿಡಬಾರ್ದು. ಮಂದಿ ಹಾದಿ ಕಾಯಬಾರ್ದು. ಮಂಗಳವಾರ ನಾ ಬರ್ತೇನಿ. ಆಡಾಕಲ್ಲ. ಹೇಳಿ ಬರ್ತೇನಿ.”

ಮಂಗಳವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೇಳಬೇಕಾದ ಇಂಗ್ಲಿಷನ್ನು ಕಾರಿನಲ್ಲಿ ಬಾಯೊಳಗೇ ಗುನುಗುತ್ತ ಹೋದರು. ಸೆಂಟರಿನ ದೊಡ್ಡ ಹಾಲಿನಲ್ಲಿ ಮೂರು ಅಂಗಳ, ‘ಟೊಕ್ ಟೊಕ್’ ಸದ್ದು. ಒಂದು ಬೆಂಚಿನ ಮೇಲೆ ಬ್ಯಾಟುಗಳನ್ನು ಸಾಲಾಗಿ ಇಟ್ಟಿದ್ದರು. ಬಂದವರು ಸಾಲಿನ ಕೊನೆಗೆ ತಮ್ಮ ಬ್ಯಾಟು ಇಡುವುದು. ಅಂಗಳ ಖಾಲಿಯಾದಾಗ ಮುಂದಿನ ನಾಲ್ಕು ಬ್ಯಾಟಿನವರು ಒಳಗೆ ಹೋಗುವುದು. ಯಾರ ಜೊತೆ ಬಂದೆ ಎಂದು ಕೇಳುವವರಿಲ್ಲ. ಶೇಖಪ್ಪನವರು ಅದನ್ನು ನೋಡುತ್ತ ನಿಂತಿರುವಾಗಲೇ ಎತ್ತರದ ಸರ್ದಾರ್ಜಿಯೊಬ್ಬರು ಅವರ ತೋಳು ಹಿಡಿದರು.

“ನಯೇ ಹೋ? ಆಜಾವೋ ಜೀ, ಏಕ್ ಆದ್ಮೀ ಕಮ್ ಹೈ!” ಆಟಕ್ಕೆ ಒಬ್ಬರು ಕಡಿಮೆ ಬಿದ್ದಿದ್ದರು.

“ಐ ಹ್ಯಾವ್ ಟು ಟೆಲ್ ಒನ್ ಥಿಂಗ್...”

“ಬಾತ್ ಬಾದ್ ಮೇ, ಪೆಹ್ಲೇ ಖೇಲೋ!” ಮಾತು ಆಮೇಲೆ, ಮೊದಲು ಆಟ ಎಂದರು.

ವಸಂತಾ ತನ್ನ ಬ್ಯಾಟನ್ನೇ ಅವರ ಕೈಗಿಟ್ಟಳು. ಹಾಗೆ ಶೇಖಪ್ಪನವರು ಇಸ್ತ್ರಿ ಅಂಗಿಯಲ್ಲೇ ಅಂಗಳಕ್ಕಿಳಿದರು. ಅವರ ಬದಿಗೆ ಸಿಕ್ಕವಳು ಮೇ ಲಿನ್ ಎಂಬ ಚೀನೀ ಅಜ್ಜಿ. ಹತ್ತಿರದ ಮಾರ್ಕಮ್ ಪಟ್ಟಣದಿಂದ ಮಗನ ಮನೆಗೆ ಬಂದು ಇಲ್ಲೇ ಉಳಿದವಳು. ಎತ್ತರ ನೆಟ್ಟಿಗಿಂತ ಸ್ವಲ್ಪವೇ ಹೆಚ್ಚು. ಎದುರಿನಿಂದ ಚೆಂಡು ಶೇಖಪ್ಪನವರ ಎಡಮೂಲೆಗೆ ಸುಯ್ಯೆಂದು ಬಂತು. ಮೇ ಲಿನ್ ಕಿರುಚಿದಳು:

“ಬಿಡಬ್ಯಾಡ್ರೀ! ಬಿಡಬ್ಯಾಡ್ರೀ!”

ಚೆಂಡು ಹೋಯಿತು. ಶೇಖಪ್ಪನವರು ಅಲುಗಲಿಲ್ಲ. ಆ ಕೊನೆಯ ದೀರ್ಘ, ಆ ಎಳೆತ, ಆ ಗದರಿಕೆ. ನಲವತ್ತು ವರ್ಷ ಹಾಲುಕ್ಕಿದಾಗ, ಬಸ್ಸು ಹೊರಟಾಗ, ಮಗುವಿನ ಕೈ ಜಾರಿದಾಗ ಮನೆಯಲ್ಲಿ ಕೇಳಿದ್ದ ಸ್ವರ, ಬೇರೊಂದು ಗಂಟಲಿನಿಂದ ಬಂದಿತ್ತು.

ಮೇ ಲಿನ್ ನಕ್ಕಳು. “ಮೈ ಫ್ರೆಂಡ್ ನಾಗಾ ಟೀಚ್ ಮಿ. ಗುಡ್ ವರ್ಡ್, ಯೆಸ್? ವೆರಿ ಸ್ಟ್ರಾಂಗ್.”

“ನಾಗಾ...” ಶೇಖಪ್ಪನವರ ಬಾಯೊಳಗೆ ಗುನುಗಿಕೊಂಡ ಇಂಗ್ಲಿಷೆಲ್ಲ ಕರಗಿತು. “ನಾಗಾ ಮೈ ವೈಫ್. ಶಿ... ಎಕ್ಸ್‌ಪೈರ್ಡ್.”

“ಎಕ್ಸ್‌ಪೈರ್? ವೀಸಾ?” ಎಂದಳು ಮೇ ಲಿನ್. “ನೋ ಪ್ರಾಬ್ಲೆಮ್. ಮೈ ಸನ್ ನೋ ಗುಡ್ ಲಾಯರ್. ಶಿ ಕಮ್ ಬ್ಯಾಕ್.”

“ನೋ,” ಎಂದರು ಶೇಖಪ್ಪನವರು. “ನಾಟ್ ವೀಸಾ.”

ಅಷ್ಟೇ ಅಂದರು. ಬ್ಯಾಟು ಎದೆಗೊತ್ತಿಕೊಂಡು, ಊರಲ್ಲಿ ಯಾವ ಹೆಣದ ಮುಂದೆಯೂ ಅಳದಿದ್ದ ಗಂಡಸು, ಅಪರಿಚಿತರ ನಡುವೆ ಬಿಕ್ಕಿಬಿಕ್ಕಿ ಅತ್ತರು. ಮೂರು ಅಂಗಳಗಳಲ್ಲೂ ಚೆಂಡು ನಿಂತಿತು. ಸರ್ದಾರ್ಜಿ ‘ವಾಹೆಗುರು’ ಎಂದು ಕಣ್ಣು ಮುಚ್ಚಿದರು. ಮೇ ಲಿನ್ ತನ್ನ ಪುಟ್ಟ ಕೈಗಳಿಂದ ಅವರ ಮೊಣಕೈ ಹಿಡಿದು ಬೆಂಚಿಗೆ ಕರೆದೊಯ್ದಳು, ಬ್ಯಾಟುಗಳನ್ನು ಅತ್ತ ಸರಿಸಿ ಕೂರಿಸಿದಳು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟು, ತಾನೂ ಪಕ್ಕದಲ್ಲಿ ಕೂತು ಅತ್ತಳು. ಇಷ್ಟು ದಿನ ಅವರ ಮನೆಗೆ ಬಂದವರೆಲ್ಲ ಅವರನ್ನು ಸಮಾಧಾನ ಮಾಡಿದ್ದರು. ನಾಗವ್ವನಿಗಾಗಿ, ತನ್ನ ಸ್ವಂತ ಗೆಳತಿಗಾಗಿ, ಅವರ ಪಕ್ಕ ಕೂತು ಅತ್ತವಳು ಇವಳೊಬ್ಬಳೇ.

ಬಿಸಿನೀರು ಕುಡಿದು ಮುಗಿಸಿ ಶೇಖಪ್ಪನವರು ಕೇಳಿದರು. “ವಸಂತಾ, ಇಲ್ಲಿ ಆಕೀ ಜೋಡಿ ಯಾರಿದ್ರು?”

“ಸಾಲಲ್ಲಿ ಪಕ್ಕಕ್ಕೆ ಯಾರ ಬ್ಯಾಟ್ ಇತ್ತೋ ಅವರು.”

ವಾರ ಮುಗಿಯುವುದರೊಳಗೆ ಜಿಮ್ ಬುಕಿಂಗ್ ಮತ್ತೆ ಆಯಿತು. ಭಾನುವಾರ ಶೇಖಪ್ಪನವರು ಬಾಗಿಲಲ್ಲಿ ನಿಂತಿದ್ದರು, ಪಕ್ಕದಲ್ಲಿ ವಸಂತಾ. ಕ್ಲಬ್ಬಿನ ಹಿರಿಯ ನಿಜಲಿಂಗಪ್ಪ ಬೆಂಚಿನ ಮೇಲೆ ಇಟ್ಟ ಬ್ಯಾಟಿನ ಸಾಲು ನೋಡಿ ಹುಬ್ಬು ಗಂಟಿಕ್ಕಿದ.

“ಇದೇನ್ ಶೇಖಪ್ಪಣ್ಣಾ? ರೂಲು ನಿಂದs ಇತ್ತು. ಸಂಸಾರಸ್ಥರ ಕ್ಲಬ್ಬಿನ್ಯಾಗ ಒಂಟಿ ಮಂದೀನ ಬಿಟ್ರ ಹ್ಯಾಂಗ?”

“ನಾನೂ ಈಗ ಒಂಟಿ ಮಂದೀನs, ನಿಜಲಿಂಗಾ. ಹೊರಗ ನಿಂದರ್ಲೇನು?”

ನಿಜಲಿಂಗಪ್ಪ ಸಣ್ಣ ದನಿಯಲ್ಲಿ ಅಂದ: “ದುಃಖದಾಗಿದ್ದವಗ ಆಟಕ್ಕ ಹ್ಯಾಂಗ ಕರೀಯೂದು ಅಂತ ಫೋನ್ ಮಾಡಲಿಲ್ಲೋ ಅಣ್ಣಾ. ದಿನಾ ಕೈಯಾಗ ಹಿಡದು ಕೆಳಗಿಡ್ತಿದ್ದೆ.”

“ಆಟಕ್ಕ ಕರೀಬ್ಯಾಡ್ರಿ. ಬಂದು ಬೆಂಚಿನ ಮ್ಯಾಲ ಕುಂದರ್ರಿ ಅಂತ ಕರೀರಿ. ಸಾಕು.”

“ಗಂಡಸ್ರೇ ಆಡ್ಕೊಂಡು ನಮ್ಮನ್ನ ಮತ್ತೆ ಡಬ್ಬಿ ಕಾಯೋಕೆ ಹಚ್ಚಿದ್ರೆ?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

“ಅದಕ್ಕೇ ಒಂದು ಅಂಗಳ ಹೊಸಬರಿಗೆ, ಹೆಂಗಸರಿಗೆ ಅಂತ ಮೀಸಲು,” ಎಂದಳು ವಸಂತಾ. “ಉಳಿದಿದ್ದು ಬ್ಯಾಟಿನ ಸಾಲು. ಗಂಡಸ್ರ ಬ್ಯಾಟಿಗೇನು ಕೊಂಬಿದ್ಯಾ?”

ಅಂದು ಚನ್ನಬಸವ್ವನಿಗೂ ಫೋನು ಹೋಯಿತು. ಅವಳು ಬಂದದ್ದು ಮೂರನೆಯ ಭಾನುವಾರ, ಅದೂ ನಿಜಲಿಂಗಪ್ಪ ಕಾರು ತೆಗೆದುಕೊಂಡು ಹೋದ ಮೇಲೆ. ಬಂದವಳು ಆಡಲಿಲ್ಲ, ಕೂತು ನೋಡಿದಳು. ಯಾರೂ ಒತ್ತಾಯ ಮಾಡಲಿಲ್ಲ.

ಶೇಖಪ್ಪನವರ ದುಃಖ ಕಡಿಮೆಯಾಯಿತೇ ಎಂದು ಕೇಳಬೇಡಿ. ಈಗಲೂ ಒಳ್ಳೆಯ ಹೊಡೆತ ಬಿದ್ದಾಗ ಅವರು ಬ್ಯಾಟಿಗೆ ಬ್ಯಾಟು ತಾಗಿಸಲು ಎಡಕ್ಕೆ ತಿರುಗುತ್ತಾರೆ, ಅರೆಗಳಿಗೆ ತಡೆಯುತ್ತಾರೆ. ಆಮೇಲೆ ಅಲ್ಲಿ ಯಾರಿದ್ದಾರೋ ಅವರ ಬ್ಯಾಟಿಗೆ ತಾಗಿಸುತ್ತಾರೆ. ಮನೆಗೆ ಬಂದು ಮೇಲಿನ ಮೇಜಿನಲ್ಲಿ ಎಲ್ಲರೊಡನೆ ಉಣ್ಣುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹತ್ತಿರದ ಕಮ್ಯುನಿಟಿ ಸೆಂಟರಿನಲ್ಲೂ ಇಂಥ ಆಟ ಇರಬಹುದು. ಒಂದು ಸಲ ವಿಚಾರಿಸಿ. ಜೋಡಿ ಬೇಕಿಲ್ಲ, ಆಟ ಮೊದಲೇ ಗೊತ್ತಿರಬೇಕಿಲ್ಲ, ವಯಸ್ಸು ಕೇಳುವುದಿಲ್ಲ. ಹಿಮದ ಬೂಟು ಬಾಗಿಲಲ್ಲಿ ಬಿಟ್ಟು, ಜಾರದ ಆಟದ ಶೂ ಹಾಕಿಕೊಳ್ಳಿ. ಎದೆಯ ತೊಂದರೆ, ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ಇಳಿಯಿರಿ. ಕ್ಲಬ್ಬು ನಡೆಸುವವರೇ, ಬಾಗಿಲಲ್ಲಿ ಹೊಸಬರ ಹೆಸರು ಕೇಳಲು ಒಬ್ಬರನ್ನು ನಿಲ್ಲಿಸಿ. ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮವಾದರೂ ಅದು ಯಾರನ್ನು ಹೊರಗಿಟ್ಟಿದೆ ಎಂದು ಆಗಾಗ ನೋಡಿ.

ಇಷ್ಟು ಓದುವಾಗ, ಬರುವುದನ್ನು ನಿಲ್ಲಿಸಿದ ಒಬ್ಬರ ಮುಖ ನಿಮ್ಮ ಕಣ್ಣ ಮುಂದೆ ಬಂದಿರುತ್ತದೆ. ಈ ಹಾಳೆ ಕೆಳಗಿಟ್ಟು ಅವರಿಗೆ ಫೋನು ಮಾಡಿ. ಏನು ಹೇಳಬೇಕೆಂದು ತೋಚದಿದ್ದರೆ ಇಷ್ಟೇ ಕೇಳಿ: “ಎಷ್ಟು ಹೊತ್ತಿಗೆ ಕಾರು ತರಲಿ?”