ಸೀಸದ ನಡುವಿನ ಮರ

ಕೈ ಬರಿದಾಗಿದ್ದಾಗಲೂ ಭಾರವಾದುದೇನನ್ನೋ ತುಳುಕದಂತೆ ಒಯ್ಯುವವನ ಹಾಗೆ ಎಡಭುಜ ತಗ್ಗಿಸಿ ನಡೆಯುವುದು ಆವಲಪ್ಪನ ರೀತಿ. ತನ್ನೂರು ಕುಂದಾಣದ ಚಾವಡಿಯಲ್ಲಿದ್ದ ರೇಡಿಯೋದ ಬ್ಯಾಟರಿಯನ್ನು ಚಾರ್ಜ್ ಮಾಡಿಸಲು ದೇವನಹಳ್ಳಿಗೆ ಹೊತ್ತೊಯ್ಯುತ್ತಿದ್ದವನು, ಓದುತ್ತಿದ್ದ ದಿನಗಳಲ್ಲಿ, ಅವನೇ. ಆಸಿಡ್ ತುಳುಕಿ ತುಳುಕಿ ಕೋಟಿನ ಎಡಮಗ್ಗುಲು ಜರಡಿಯಾಗಿತ್ತು. ಕೆಲಸಕ್ಕೆ ಸೇರಿದ ಮೇಲೂ ಅದನ್ನೇ ತೊಡುತ್ತಿದ್ದ. ಕೇಳಿದರೆ, "ಹೊಸದ್ ಹೊಲಿಸಿದ್ರೂ ಇದೇ ಗತಿ" ಎನ್ನುತ್ತಿದ್ದ.

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ೧೯೪೨ರಲ್ಲಿ ಬೆಂಗಳೂರಿನ ಪ್ರಯೋಗಶಾಲೆಯೊಂದನ್ನು ಸೇರಿದಾಗ ಅವನಿಗೆ ಇಪ್ಪತ್ತಮೂರು ವರ್ಷ. ಬ್ಯಾಟರಿಯೊಳಗಿನ ಸೀಸದ ಹಲಗೆಗಳು ಒಂದಕ್ಕೊಂದು ತಾಗದಂತೆ ನಡುವೆ ಇಡುವ ಮರದ ತೆಳುಪದರ ಪರದೇಶದಿಂದ ಬರಬೇಕಿತ್ತು. ಯುದ್ಧದ ದೆಸೆಯಿಂದ ಹಡಗುಗಳು ನಿಂತಿದ್ದವು. ನಮ್ಮ ಮರಗಳಲ್ಲಿ ಅದಕ್ಕೆ ಒಗ್ಗುವುದು ಯಾವುದೆಂದು ಹುಡುಕುವುದು ಅವನ ಪಾಲಿಗೆ ಬಂದ ಕೆಲಸ. ಸೀಳುವುದು, ಕ್ಷಾರದಲ್ಲಿ ಬೇಯಿಸುವುದು, ಆಸಿಡ್‌ನಲ್ಲಿ ನೆನೆಹಾಕಿ ಕಾಯುವುದು.

"ಅಷ್ಟು ಬೇಯ್ಸಿ ಕೊನೇಗ್ ಏನಾಯ್ತದಪ್ಪ?" ಎಂದು ತಾಯಿ ಕದಿರಮ್ಮ ಒಮ್ಮೆ ಕೇಳಿದಳು.

"ಕೊಳೀತದೆ ಕಣವ್ವ."

ತಾನು ಮಾಡಿದ ಬ್ಯಾಟರಿಯನ್ನು ಅವನು ಊರ ರೇಡಿಯೋಗೇ ಜೋಡಿಸುತ್ತಿದ್ದ. ಪರೀಕ್ಷೆಗೆ ಲ್ಯಾಬು ಸಾಲದೇ ಎಂದು ಮೇಲಧಿಕಾರಿ ವೆಂಕಟರಾಯಪ್ಪನವರು ಕೇಳಿದಾಗ, "ಇಲ್ಲಿ ಅದಕ್ಕೆ ಯಾರೂ ಕಾಯ್ತಿರಲ್ಲ ಸಾರ್" ಎಂದಿದ್ದ. ಊರಲ್ಲಿ ಕಾಯುತ್ತಿದ್ದವಳು, ಅವನು ಅತ್ತೆ ಎಂದು ಕರೆಯುತ್ತಿದ್ದ ಬೈರಮ್ಮ. ಮಗ ಸೊಣ್ಣಪ್ಪ ಪಟಾಲಮ್ಮು ಸೇರಿ ಬರ್ಮಾದ ಕಡೆ ಯುದ್ಧಕ್ಕೆ ಹೋಗಿದ್ದ. ವಾರ್ತೆಯ ಭಾಷೆ ಅರ್ಧಕ್ಕರ್ಧ ತಿಳಿಯದಿದ್ದರೂ, ದಿನಾ ಸಂಜೆ ಚಾವಡಿಯ ಕಂಬಕ್ಕೊರಗಿ ಕೂತು, ಪೆಟ್ಟಿಗೆ ಮಾತಾಡುವಷ್ಟು ಹೊತ್ತೂ ಮಗ ಬದುಕಿದ್ದಾನೆಂದು ನಂಬಿ ಅವಳು ಎದ್ದು ಹೋಗುತ್ತಿದ್ದಳು.

ಮೊದಲ ಬ್ಯಾಟರಿ ಮೂರು ತಿಂಗಳಿಗೇ ಸತ್ತಿತು. "ನಿನ್ ಪೆಟ್ಗೆ ಬಾಯ್ ಮುಚ್ಕೊಂಡೈತಲ್ಲಪ್ಪ" ಎಂದಳು ಬೈರಮ್ಮ, ದೂರುವ ದನಿಯಲ್ಲಲ್ಲ. ಅವನು ಸಬೂಬು ಹೇಳದೆ ಬ್ಯಾಟರಿ ಬಿಚ್ಚಿಕೊಂಡು ಹೊರಟ. ಹೀಗೆ ನಾಲ್ಕು ಸಲ. ಐದನೆಯ ಸಲ ಹೆಬ್ಬೇವಿನ ಪದರ ಹಾಕಿದ್ದು ಹನ್ನೊಂದು ತಿಂಗಳಾದರೂ ಕೆಡಲಿಲ್ಲ.

ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಹಡಗುಗಳು ರಬ್ಬರಿನ ಪದರಗಳನ್ನು ತಂದವು. "ಇನ್ನು ಇದು ಬೇಡ, ಆವಲಪ್ಪ" ಎಂದು ವೆಂಕಟರಾಯಪ್ಪನವರು ಮೆಲ್ಲಗೆ ಕಡತ ಮುಚ್ಚಿದರು.

ಆ ಭಾನುವಾರ ಊರಿಗೆ ಹೋದಾಗ ರೇಡಿಯೋ ಮಾತಾಡುತ್ತಿತ್ತು; ಕಂಬದ ಬಳಿ ಯಾರೂ ಇರಲಿಲ್ಲ. ಬೈರಮ್ಮನ ಮನೆಗೆ ನಡೆದ. ಹಿಂದಿನ ವಾರವಷ್ಟೇ ಮರಳಿದ್ದ ಸೊಣ್ಣಪ್ಪ ಜಗಲಿಯ ಮೇಲೆ ಮೈಮರೆತು ಮಲಗಿದ್ದ.

"ಬ್ಯಾಟ್ರಿ ಹನ್ನೊಂದ್ ತಿಂಗ್ಳು ಬಂತು, ಅತ್ತೆ."

"ಈಗ್ಯಾಕಪ್ಪ ಅದು, ಮಗ ಬಂದವ್ನಲ್ಲ. ಸೊರಗೋಗಿದೀಯ, ಉಣ್ಣೋಕ್ ಕೂತ್ಕೋ ಬಾ."

ಅವನು ಕೂತ. ಮುದ್ದೆ ಮುರಿಯುತ್ತ ಮುರಿಯುತ್ತಲೇ ಅವನ ಕಣ್ಣು ನಿದ್ದೆಗೆ ಎಳೆಯತೊಡಗಿತು.

ಶೋಧಕರಲ್ಲಿ ಇಂಥವರೂ ಇರುತ್ತಾರೆ. ಯಾರೋ ಒಬ್ಬರ ಅಗತ್ಯವನ್ನು ಕಣ್ಣ ಮುಂದಿಟ್ಟುಕೊಂಡು ವರ್ಷಗಟ್ಟಲೆ ದುಡಿಯುತ್ತಾರೆ. ಆ ಅಗತ್ಯ ತಮ್ಮ ನೆರವಿಲ್ಲದೆಯೇ ತೀರಿತೆಂದು ತಿಳಿದಾಗ ಸಂತೋಷವನ್ನೇ ಪಡುತ್ತಾರೆ. ಅಷ್ಟು ದಿನದ ಆಯಾಸ ಅವರ ಮೈಗೆ ಗೊತ್ತಾಗುವುದು ಆಗಲೇ.