ತೌಕೆಲ್ ಶಾಲೆಯ ಶುದ್ಧಪ್ರತಿ

ನನ್ನ ಮೇಜಿನ ಮೇಲಿದ್ದ ಏಳು ಕಟ್ಟುಗಳಲ್ಲಿ ಆರು ಕೊಳಕಾಗಿದ್ದವು. ಒಂದಕ್ಕೆ ಮೀನೆಣ್ಣೆ ಮೆತ್ತಿತ್ತು. ಇನ್ನೊಂದರ ಹಾಳೆಗಳು ದೋಣಿಯಲ್ಲಿ ನೆನೆದು ಒಣಗಿ ಹಪ್ಪಳವಾಗಿದ್ದವು. ಮತ್ತೊಂದರಲ್ಲಿ ಒಬ್ಬ ಹುಡುಗ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ‘ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು’ ಎಂದು ಬರೆದು ಎದ್ದುಹೋಗಿದ್ದ. ಏಳನೆಯದು ತೌಕೆಲ್ ದ್ವೀಪದ ಕಟ್ಟು, ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ಐದು ಮಕ್ಕಳು, ಐದು ಕಥೆಗಳು, ನೀಲಿ ಶಾಯಿ, ಅಂಚಿಗೆ ಕೆಂಪು ಗೆರೆ. ಒಂದೇ ಒಂದು ಕಾಟು ಇರಲಿಲ್ಲ.

ಓದಿದೆ. ಏಳು ವರ್ಷದವನೂ ಹನ್ನೆರಡು ವರ್ಷದವಳೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಐದೂ ಕಥೆಗಳಲ್ಲಿ ಸಮುದ್ರ ‘ತನ್ನ ವೈಡೂರ್ಯದ ತೋಳುಗಳಿಂದ’ ದ್ವೀಪವನ್ನು ಅಪ್ಪಿಕೊಂಡಿತ್ತು. ಐದೂ ಕಥೆಗಳ ಕೊನೆಯಲ್ಲಿ ಯಾರೋ ಒಬ್ಬರ ಕಣ್ಣು ತುಂಬಿಬರುತ್ತಿತ್ತು. ಕಟ್ಟನ್ನು ಮುಚ್ಚಿಡಬೇಕೆಂದಿದ್ದೆ. ಆಗ ‘ಉದಾತ್ತ ಟಗರು’ ಎಂಬ ಕಥೆಯ ಮಧ್ಯೆ ಒಂದು ಸಾಲು ಸಿಕ್ಕಿತು: ‘ಅಜ್ಜಿ ಟಗರಿಗೆ ಕೂಗಿ ಹೇಳಿದಳು, ಹೋಗು, ಹೋಗಿ ಮೇಯರ್‌ಗೆ ದೂರು ಕೊಡು.’

ವೈಡೂರ್ಯದ ನಡುವೆ ಅದೊಂದೇ ಸಾಲಿಗೆ ಜೀವವಿತ್ತು. ತಿದ್ದಿದ ಕೈ ಅದನ್ನು ಹೇಗೋ ಕಾಣದೆ ಬಿಟ್ಟಿತ್ತು. ಮೇಲೆ ಬರೆದವಳ ಹೆಸರಿತ್ತು: ಯಾನಿರಾ ಲೆವಿಕೊಯ್, ಹನ್ನೊಂದು ವರ್ಷ. ಆ ಸಾಲಿನ ಹಿಂದೆ ಮುಂದೆ ಅವಳು ನಿಜಕ್ಕೂ ಏನು ಬರೆದಿದ್ದಳೋ, ಅದು ನನಗೆ ಬೇಕಾಗಿತ್ತು.

ನಾನು ಆಚಾವೊ ಪಟ್ಟಣದ ಶಿಕ್ಷಣ ಕಚೇರಿಯಲ್ಲಿ ಒಂದು ವರ್ಷದ ಕರಾರಿನ ಮೇಲಿದ್ದವಳು. ಸುತ್ತಲಿನ ಏಳು ದ್ವೀಪಗಳ ಶಾಲೆಗಳಿಂದ ಮಕ್ಕಳೇ ಬರೆದ ಕಥೆಗಳನ್ನು ಕೂಡಿಸಿ ಪುಸ್ತಕ ಮಾಡುವುದು ನನ್ನ ಕೆಲಸ. ಹಣ ಕೊಡುವವರ ಷರತ್ತು ಒಂದೇ: ಏಳೂ ಶಾಲೆಗಳಿರಬೇಕು, ಆರಿದ್ದರೆ ಪುಸ್ತಕವೇ ಇಲ್ಲ. ಶುಕ್ರವಾರ ಕಾಸ್ತ್ರೊ ನಗರದ ಮುದ್ರಣಾಲಯಕ್ಕೆ ಎಲ್ಲವೂ ಹೋಗಬೇಕಿತ್ತು. ಅಂದು ಸೋಮವಾರ.

ಕಚೇರಿಯ ಮುಖ್ಯಸ್ಥ ಲಿಸಾಂದ್ರೊ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದ.

“ಎಷ್ಟು ಮುದ್ದಾದ ಅಕ್ಷರ! ಇನ್ನೇನ್ ಬೇಕು ನಿಂಗೆ?”

“ಇದು ಮಕ್ಕಳು ಬರ್ದಿದ್ದಲ್ಲ. ಮೇಷ್ಟ್ರು ಬರ್ದಿದ್ದು.”

“ಶುದ್ಧಪ್ರತಿ ಮಾಡಿದಾರೆ, ಅಷ್ಟೇ. ನಾವೆಲ್ಲಾ ಹಂಗೇ ಕಲ್ತಿದ್ದಲ್ವಾ? ಮೊದ್ಲು ಕರಡು, ಆಮೇಲೆ ಶುದ್ಧಪ್ರತಿ.”

“ನಮ್ಮ ಶುದ್ಧಪ್ರತಿ ನಾವೇ ಬರೀತಿದ್ವಿ.”

“ನೋಡು ನೋಲ್ಫಾ,” ಎಂದು ಬಾಗಿಲು ಮುಚ್ಚಿದ. “ದೋನ್ ಓಸ್ವಾಲ್ದೊ ಆ ದ್ವೀಪದಲ್ಲಿ ಮೂವತ್ತೆಂಟು ವರ್ಷದಿಂದ ಒಬ್ರೇ ಮೇಷ್ಟ್ರು. ನಂಗೆ ಓದೋಕ್ ಕಲ್ಸಿದ್ದು ಅವ್ರು. ಡಿಸೆಂಬರಲ್ಲಿ ನಿವೃತ್ತಿ. ಅವ್ರ ಹತ್ರ ಹೋಗಿ ನಿಮ್ದು ಕಳ್ಳ ಮಾಲು ಅಂತೀಯಾ?”

“ಕರಡು ಕೊಡಿ ಅಂತೀನಿ.”

“ಕೊಡ್ದಿದ್ರೆ?”

“ಆರು ಶಾಲೆ ಅಂತ ಬರ್ದು ಕೊಡ್ತೀನಿ. ಪುಸ್ತಕ ನಿಂತೋಗ್ಲಿ.”

“ನಿನ್ನ ಕರಾರೂ ನಿಂತೋಗತ್ತೆ, ತಾಯಿ.”

“ಗೊತ್ತು.”

ತೌಕೆಲ್‌ಗೆ ದೋಣಿ ಹೋಗುವುದು ಮಂಗಳವಾರ, ವಾಪಸಾಗುವುದು ಗುರುವಾರ ಮಧ್ಯಾಹ್ನದ ಭರತಕ್ಕೆ. ನಡುವೆ ಬೇರೆ ದಾರಿಯಿಲ್ಲ. ದೋಣಿಯ ಬೆಲಾರ್ಮಿನೊ ನನ್ನನ್ನು ಆಲೂಗಡ್ಡೆ ಮೂಟೆಗಳ ಮೇಲೆ ಕೂರಿಸಿದ. ಮೂರು ಗಂಟೆ ಹೊತ್ತು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದ: “ಕಥೆ ತರೋಕಾ? ಅದಕ್ಕೂ ದೋಣಿ ಬೇಕಾ?”

ದೋನ್ ಓಸ್ವಾಲ್ದೊ ದಡದಲ್ಲೇ ನಿಂತಿದ್ದರು. ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿತ್ತು, ಬೂಟು ಹೊಳೆಯುತ್ತಿತ್ತು. ಆ ಕೆಸರಲ್ಲಿ ಬೂಟನ್ನು ಹೇಗೆ ಹೊಳೆಸುತ್ತಿದ್ದರೋ.

“ನೀನು ಎರ್ಮಿನಿಯಾ ಮಗಳಲ್ವಾ? ಮೂಗು ನೋಡ್ದಾಗ್ಲೇ ಗೊತ್ತಾಯ್ತು. ಬಾ ಮಗಳೇ, ಒಳಗ್ ಬಾ.”

ಶಾಲೆಯೆಂದರೆ ಒಂದೇ ಕೋಣೆ. ನಡುವೆ ಸೌದೆ ಒಲೆ, ಸುತ್ತ ಐದು ಬೆಂಚು. ಒಲೆಯ ಮೇಲಿಂದ ಬಿಸಿ ಆಲೂಗಡ್ಡೆ ರೊಟ್ಟಿ ತೆಗೆದುಕೊಟ್ಟರು. ಸೋರೆಬುರುಡೆಯಲ್ಲಿ ಸೊಪ್ಪಿನ ಕಷಾಯ ತುಂಬಿ, ಕೊಳವೆಯಲ್ಲಿ ತಾವೊಂದು ಗುಟುಕು ಹೀರಿ, ಅದೇ ಕೊಳವೆಯನ್ನು ನನ್ನತ್ತ ತಿರುಗಿಸಿದರು. ಒಂದೇ ಕೊಳವೆಯಲ್ಲಿ ಕುಡಿದ ಮೇಲೆ ಜಗಳವಾಡುವುದು ಕಷ್ಟ. ಆದ್ದರಿಂದ ಕುಡಿಯುವ ಮೊದಲೇ ಹೇಳಿಬಿಟ್ಟೆ.

“ದೋನ್ ಓಸ್ವಾಲ್ದೊ, ನಂಗೆ ಕರಡು ಬೇಕು. ಮಕ್ಕಳು ಪೆನ್ಸಿಲಲ್ಲಿ ಬರ್ದಿದ್ದು.”

“ಯಾಕೆ? ಶುದ್ಧಪ್ರತೀಲಿ ತಪ್ಪಿದ್ಯಾ?”

“ಒಂದೂ ಇಲ್ಲ. ಅದೇ ತೊಂದ್ರೆ.”

ಅವರು ನಕ್ಕರು. ನಾನು ನಗಲಿಲ್ಲವೆಂದು ಕಂಡು ನಿಲ್ಲಿಸಿದರು.

“ಕರಡು ಇಲ್ಲ ಮಗಳೇ. ಬೆಳಗ್ಗೆ ಒಲೆ ಹಚ್ಚೋಕೆ ಅದೇ ಕಾಗ್ದ. ಮೂವತ್ತೆಂಟು ವರ್ಷದಿಂದ ಹಂಗೇ. ಶುದ್ಧಪ್ರತಿ ಆದ್ಮೇಲೆ ಕರಡು ಯಾರಿಗ್ ಬೇಕು?”

ಒಲೆಯೊಳಗೆ ಸೌದೆ ಚಟಪಟ ಎಂದಿತು. ಯಾನಿರಾಳ ಟಗರು ಹೋದ ವಾರವೇ ಬೂದಿಯಾಗಿತ್ತು. ನಾನು ಕೊಳವೆಯನ್ನು ಬಾಯಿಗಿಟ್ಟು ಕುಡಿದೆ. ನಾಲಗೆ ಸುಟ್ಟಿತು.

“ಹಂಗಾದ್ರೆ ಮತ್ತೆ ಬರೀಲಿ,” ಎಂದೆ. “ಗುರುವಾರದ ತನಕ ಟೈಮಿದೆ.”

“ನಿಂಗೆ ಅರ್ಥ ಆಗಲ್ಲ.” ಅವರ ದನಿ ಏರಲಿಲ್ಲ, ಗಟ್ಟಿಯಾಯಿತು. “ಒಂದ್ಸಲ ಪಟ್ಟಣದಲ್ಲಿ ಎಲ್ಲಾ ಶಾಲೆಗಳ ವಾಚನ ಇತ್ತು. ನನ್ನ ಹುಡ್ಗ ಒಬ್ಬ ತಾನು ಬರ್ದಿದ್ದನ್ನ ಇದ್ದಂಗೇ ಓದ್ದ. ಮೊದಲನೇ ಸಾಲಿಗೇ ನಗೋಕ್ ಶುರು ಮಾಡಿದ್ರು. ಮುಂದ್ಗಡೆ ಕೂತಿದ್ದ ಸಾಹೇಬ್ರೂ ನಕ್ರು. ಆ ಹುಡ್ಗ ಆಮೇಲೆ ಶಾಲೆಗೆ ಬರ್ಲಿಲ್ಲ. ಅವತ್ತಿಂದ ನನ್ನ ಶಾಲೆ ಮಗು ಕೊಳೆ ಕಾಲರಲ್ಲಿ ಪಟ್ಟಣಕ್ ಹೋಗಿಲ್ಲ. ಕೊಳೆ ಹಾಳೇಲೂ ಹೋಗಲ್ಲ.”

ನಾನು ತಯಾರಿ ಮಾಡಿಕೊಂಡು ಬಂದ ಮಾತುಗಳೆಲ್ಲ ಒಬ್ಬ ಸೋಮಾರಿ ಮೇಷ್ಟ್ರಿಗೆ ಹೇಳುವಂಥವು. ಈ ಮನುಷ್ಯನಿಗೆ ಅವು ತಗುಲುತ್ತಿರಲಿಲ್ಲ. ಆದರೂ ಬ್ಯಾಗಿನಿಂದ ಖಾಲಿ ಹಾಳೆಗಳನ್ನು ತೆಗೆದು ಬೆಂಚುಗಳ ಮೇಲೆ ಹಂಚಿದೆ.

ಬುಧವಾರ ಬೆಳಗ್ಗೆ ಐದು ಮಕ್ಕಳೂ ಬಂದು ಕೂತರು. ಯಾನಿರಾ ತೆಳ್ಳಗೆ ಉದ್ದಕ್ಕಿದ್ದಳು. ಅವಳ ಸ್ವೆಟರಿನ ತೋಳು ಮೊಣಕೈಗೇ ಮುಗಿದಿತ್ತು. ನಿಮಗೆ ಇಷ್ಟ ಬಂದದ್ದು ಬರೆಯಿರಿ ಎಂದೆ. ಪೆನ್ಸಿಲ್ ಕೈಗೆತ್ತಿಕೊಂಡು ಐವರೂ ಕರಿಹಲಗೆ ನೋಡುತ್ತಾ ಕೂತರು.

“ಬರೀರಿ.”

“ಮೇಷ್ಟ್ರು ಇನ್ನೂ ಹಲಗೆ ಮೇಲೆ ಬರ್ದಿಲ್ಲ,” ಎಂದ ಎಲ್ಲರಿಗಿಂತ ಚಿಕ್ಕವನು.

“ಹಲಗೆ ಬೇಡ. ನಿಂದೇ ಬರಿ.”

“ನಂದು ಅಂದ್ರೆ?”

ಊಟದ ಹೊತ್ತಿಗೆ ಐದು ಹಾಳೆಗಳಲ್ಲಿ ಒಟ್ಟು ಹನ್ನೊಂದು ಸಾಲುಗಳಾಗಿದ್ದವು. ಅದರಲ್ಲಿ ನಾಲ್ಕು ವೈಡೂರ್ಯದವು. ಯಾನಿರಾ ತನ್ನ ಹೆಸರನ್ನಷ್ಟೇ ಬರೆದಿದ್ದಳು. ಅವಳ ಪಕ್ಕ ಕೂತು ಟಗರಿನ ಕಥೆ ಹೇಳು ಎಂದೆ. ಬಾಯಿ ತೆರೆದವಳು ನಿಲ್ಲಿಸಲೇ ಇಲ್ಲ. ಬಂದರಿನಲ್ಲಿ ಮಾರಲು ಅಜ್ಜಿ ಟಗರನ್ನು ದೋಣಿಗೆ ಹತ್ತಿಸಿದ್ದು, ನಡುನೀರಲ್ಲಿ ಅದು ಹಾರಿದ್ದು, ಅಜ್ಜಿ ದೋಣಿ ತಿರುಗಿಸದೆ ದಾರಿಯುದ್ದಕ್ಕೂ ಅದನ್ನು ಬೈದದ್ದು. ಕೈ ಕಾಲು ಆಡಿಸಿ, ಟಗರಿನ ಮೂತಿ ಮಾಡಿ ತೋರಿಸಿದಳು. ಉಳಿದ ನಾಲ್ವರು ಬಿದ್ದು ಬಿದ್ದು ನಕ್ಕರು.

“ಇದನ್ನೇ ಬರಿ.”

ಅವಳ ಮುಖ ಬಿಗಿದುಕೊಂಡಿತು. “ಅದು ಬರಿಯೋದಲ್ಲ. ಅದು ಹಂಗೇ ಆಗಿದ್ದು.”

ಅಂದು ಸಂಜೆ ದಡದಲ್ಲಿ ಚಿಪ್ಪುಗಳ ಮೇಲೆ ಆಚೀಚೆ ನಡೆದೆ. ಮೂವತ್ತೆಂಟು ವರ್ಷದ ಅಭ್ಯಾಸವನ್ನು ಒಂದೂವರೆ ದಿನದಲ್ಲಿ ಬಿಡಿಸಲಾಗದು. ನಾನೇ ಅವಳ ಮಾತನ್ನು ಬರೆದುಕೊಂಡು ಹೋಗಬಹುದಿತ್ತು. ಆದರೆ ಆಗ ನನಗೂ ಮೇಷ್ಟ್ರಿಗೂ ಇರುವ ವ್ಯತ್ಯಾಸ ಶಾಯಿಯ ಬಣ್ಣ ಮಾತ್ರ. ಮಕ್ಕಳು ಮೇಷ್ಟ್ರ ಕೈಯನ್ನಷ್ಟೇ ನಂಬುತ್ತಿದ್ದರು. ಸರಿ, ಆ ಕೈಯೇ ಕೆಲಸ ಮಾಡಲಿ.

ಗುರುವಾರ ಬೆಳಗ್ಗೆ ದೋನ್ ಓಸ್ವಾಲ್ದೊ ಅವರ ಮುಂದೆ ಹಾಳೆ ಇಟ್ಟೆ.

“ನೀವು ಬರೀರಿ. ಮಕ್ಕಳು ಹೇಳ್ತಾರೆ. ಹೇಳಿದ್ದಷ್ಟೇ. ಸೇರ್ಸಂಗಿಲ್ಲ, ಬಿಡಂಗಿಲ್ಲ.”

“ನನ್ನ ಗುಮಾಸ್ತ ಮಾಡ್ತೀಯಾ?”

“ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಪಟ್ಟಣದಲ್ಲೆಲ್ಲಾ ಹೊಗಳ್ತಾರೆ.”

“ನಿಮ್ಮಮ್ಮನೂ ಹಿಂಗೇ ಹಟಮಾರಿ,” ಎಂದರು. ಕಿಟಕಿಯತ್ತ ನೋಡಿದರು. ನೀರು ಏರುತ್ತಿತ್ತು. “ಬರ್ದು ಆದ್ಮೇಲೆ ಓದ್ತೀನಿ. ನಾಚ್ಕೆ ಆಗೋ ಥರ ಇದ್ರೆ ಹರಿದ್ಹಾಕ್ತೀನಿ. ಒಪ್ಗೆನಾ?”

“ನಿಮಗೆ ನಾಚ್ಕೆ ಆದ್ರೆ ಅಲ್ಲ. ಹೇಳಿದ ಮಗೂಗೆ ನಾಚ್ಕೆ ಆದ್ರೆ ಹರೀರಿ.”

ಒಬ್ಬೊಬ್ಬರನ್ನೇ ಕೂರಿಸಿದೆವು. ಮೊದಲ ಇಬ್ಬರು ಮೇಷ್ಟ್ರಿಗೆ ಬೇಕಾದದ್ದನ್ನೇ ಹೇಳಿದರು. ಮೂರನೆಯವನಿಂದ ಸ್ವಲ್ಪ ಸಡಿಲವಾಯಿತು. ಅವನು ಸಾಮನ್ ಮೀನು ಸಾಕುವ ಪಂಜರಗಳಲ್ಲಿ ಮುಳುಗಿ ಕೆಲಸ ಮಾಡುವ ಅಪ್ಪನ ಕಿವಿನೋವಿನ ಬಗ್ಗೆ ಹೇಳಿದ. ಅದನ್ನು ಕೇಳಿ ಮೊದಲ ಇಬ್ಬರು, ನಮ್ಮದು ಮತ್ತೆ ಬರೀರಿ ಎಂದು ಗಲಾಟೆ ಮಾಡಿದರು. ದೋನ್ ಓಸ್ವಾಲ್ದೊ ತುಟಿ ಬಿಗಿಹಿಡಿದು ಬರೆದರು. ಎಷ್ಟೋ ಸಲ ಪೆನ್ನು ಗಾಳಿಯಲ್ಲಿ ನಿಂತಿತು. ನಾನು ಕೆಮ್ಮಿದೆ. ಪೆನ್ನು ಇಳಿಯಿತು.

ಕೊನೆಗೆ ಯಾನಿರಾ. ಕೊಲ್ಲಿಯ ತಿರುವಿನಲ್ಲಿ ದೋಣಿ ಆಗಲೇ ಕಾಣುತ್ತಿತ್ತು. ಅವಳು ಕೈ ಕಟ್ಟಿ ನಿಂತು ಒಪ್ಪಿಸಿದಳು, ಅವರು ಬರೆದರು. ಟಗರು ಹಾರಿತು. ಅಜ್ಜಿ ಮೇಯರ್‌ಗೆ ದೂರು ಕೊಡು ಎಂದಳು. ಟಗರು ದೋಣಿಗಿಂತ ಮೊದಲು ದಡ ಮುಟ್ಟಿ ಮೈ ಕೊಡವಿತು. ಅವಳು ಉಸಿರೆಳೆದುಕೊಳ್ಳಲು ನಿಂತಳು. ಪೆನ್ನು ನಿಲ್ಲಲಿಲ್ಲ. ಅವಳು ಬಗ್ಗಿ ನೋಡಿದಳು.

“ಮೇಷ್ಟ್ರೇ, ಏನ್ ಬರ್ದ್ರಿ?”

“ಅಜ್ಜಿಯ ಕಣ್ಣು ತುಂಬಿಬಂತು.”

“ನಮ್ಮಜ್ಜಿ ಅಳ್ಲಿಲ್ಲ.”

“ಅಳದೇ ಇರ್ತಾರಾ? ಕಳ್ಕೊಂಡಿದ್ದು ಸಿಕ್ತಲ್ಲ.”

“ನೀವಿದ್ರಾ ದೋಣೀಲಿ?”

ಚಿಕ್ಕವನು ಬೆಂಚಿನ ಕೆಳಗೆ ಜಾರಿದ. ಆ ಶಾಲೆಯಲ್ಲಿ ಯಾರೂ ಮೇಷ್ಟ್ರಿಗೆ ಹಾಗೆ ಕೇಳಿರಲಿಕ್ಕಿಲ್ಲ. ಯಾನಿರಾಳ ಕಿವಿ ಕೆಂಪಾಗಿತ್ತು, ಆದರೆ ಅವಳು ಹಿಂದೆ ಸರಿಯಲಿಲ್ಲ. ನಾನು ಬಾಯಿ ಹಾಕಬೇಕೆಂದುಕೊಂಡೆ. ಹಲ್ಲು ಕಚ್ಚಿ ಸುಮ್ಮನಿದ್ದೆ. ಇದು ಅವಳ ಜಗಳ.

“ಇರ್ಲಿಲ್ಲ,” ಎಂದರು ದೋನ್ ಓಸ್ವಾಲ್ದೊ. “ಮತ್ತೇನ್ ಮಾಡಿದ್ಲು?”

“ಉಗುದ್ಲು.”

“ಟಗರಿಗಾ?”

“ಸಮುದ್ರಕ್ಕೆ.”

ಅವರು ಅಡಿಕೋಲು ತೆಗೆದುಕೊಂಡರು. ತಾವು ಬರೆದ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಕಾಟು ಹಾಕುವುದರಲ್ಲೂ ಅಷ್ಟು ಅಚ್ಚುಕಟ್ಟು. ಕೆಳಗೆ ಅವಳು ಹೇಳಿದ್ದನ್ನು ಬರೆದರು. ಓದಿದರು. ಭುಜ ಒಮ್ಮೆ ಅಲುಗಿತು. ಕೆಮ್ಮೆಂದುಕೊಂಡೆ, ಅಲ್ಲ, ನಗು.

“ನಗ್ತಾರೆ ಪಟ್ಟಣದೋರು,” ಎಂದರು ನನ್ನತ್ತ ತಿರುಗಿ. ಕಣ್ಣಲ್ಲಿ ಇನ್ನೂ ಆ ಹಳೆಯ ವಾಚನವಿತ್ತು. “ಇವಳನ್ನ ನೋಡಿ ನಕ್ರೆ?”

“ಈಗ ನೀವು ನಕ್ಕಿದ್ದು ಯಾರನ್ನ ನೋಡಿ?”

ಅವರು ಐದೂ ಹಾಳೆಗಳನ್ನು ಜೋಡಿಸಿ, ಅಂಚು ತಟ್ಟಿ ಸಮ ಮಾಡಿದರು. “ಕಾಟು ಇದ್ಯಲ್ಲ, ಇದೊಂದು ಹಾಳೆ ಮಾತ್ರ ಮತ್ತೆ ಬರ್ದುಕೊಡ್ತೀನಿ, ಐದೇ ನಿಮ್ಷ,” ಎಂದರು. ಹೊರಗೆ ಬೆಲಾರ್ಮಿನೊ ಹಾರನ್ ಒತ್ತಿದ. ನಾನು ಹಾಳೆಯ ಮೇಲೆ ಅಂಗೈ ಇಟ್ಟೆ. ಅವರು ನನ್ನ ಕೈಯನ್ನು ನೋಡಿದರು, ಯಾನಿರಾಳನ್ನು ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು.

ದೋಣಿ ಕಟ್ಟುವ ಇಳಿಜಾರಿನತ್ತ ಓಡಿದೆ. ಕಟ್ಟು ಜಾಕೆಟ್ಟಿನೊಳಗಿತ್ತು. ಒಂದು ಕಾಲು ದೋಣಿಯ ಅಂಚಿನಲ್ಲಿಟ್ಟಿದ್ದೆ, ಹಿಂದಿನಿಂದ ಕೂಗು ಕೇಳಿತು. ಯಾನಿರಾ ಕೆಸರು ಹಾರಿಸುತ್ತಾ ಬರುತ್ತಿದ್ದಳು. ಕೈಯಲ್ಲಿ ಪೆನ್ಸಿಲ್.

“ಕೊಡಿ! ನಂದು ಕೊಡಿ!”

ಹರಿಯುವ ಹಕ್ಕು ಅವಳದೆಂದು ನಾನೇ ಮಾತು ಕೊಟ್ಟಿದ್ದೆ. ಹಾಳೆ ತೆಗೆದುಕೊಟ್ಟೆ.

“ಒಂದು ಬಿಟ್ಟೋಗಿದೆ. ತಿರುಗಿ.”

“ಏನು?”

“ತಿರುಗಿ ಅಂದ್ನಲ್ಲ. ಬರಿಯೋಕೆ ಬೆನ್ನು ಬೇಕು.”

ತಿರುಗಿ ಬಗ್ಗಿದೆ. ಅವಳು ನನ್ನ ಬೆನ್ನ ಮೇಲೆ ಹಾಳೆ ಹರಡಿ ಒತ್ತಿ ಒತ್ತಿ ಬರೆಯತೊಡಗಿದಳು. ಜಾಕೆಟ್ಟಿನ ಮೂಲಕ ಪೆನ್ಸಿಲಿನ ಮೊನೆ ತಾಗುತ್ತಿತ್ತು. ಅಕ್ಷರ ಯಾವುದೆಂದು ತಿಳಿಯಲಿಲ್ಲ. ಮೇಲೆ ಶಾಲೆಯ ಬಾಗಿಲಲ್ಲಿ ದೋನ್ ಓಸ್ವಾಲ್ದೊ ನಿಂತಿದ್ದರು. ಕೆಳಗಿಳಿದು ಬರಲಿಲ್ಲ.

“ಏ ಹುಡ್ಗೀ, ನೀರು ಇಳಿಯತ್ತೆ!” ಎಂದು ಬೆಲಾರ್ಮಿನೊ ಅರಚಿದ. “ಇನ್ನೆಷ್ಟಿದೆ?”

“ಅಲ್ಲಾಡ್ಬೇಡಿ,” ಎಂದಳು ಯಾನಿರಾ, ನನಗೆ. “ಇನ್ನೂ ಮುಗ್ದಿಲ್ಲ.”

ಹಗ್ಗ ಬಿಚ್ಚಬೇಡ ಎಂದು ಬೆಲಾರ್ಮಿನೊಗೆ ಕೈ ತೋರಿಸಿದೆ. ಮೊಣಕಾಲಿಗೆ ಅಂಗೈ ಊರಿ, ಉಸಿರು ಹಿಡಿದು, ಬೆನ್ನನ್ನು ಆದಷ್ಟು ಮಟ್ಟಸ ಮಾಡಿಕೊಂಡು ನಿಂತೆ.