ಮುಸ್ತಾಕನ ಬಾಟ್ಲಿ

"ಉಚ್ಚಿ ಹೊಯ್ಯಾಕೂ ಮುಹೂರ್ತ ಬೇಕೇನಲೇ ನಿನಗ, ಬೋಳಿಮಗನ? ಜಲ್ದಿ ತುಂಬು, ಗಾಡಿ ಬಂದು ನಿಂತೈತಿ!"

ಮುದಕಪ್ಪ ಕಕ್ಕಸಿನ ತಗಡಿನ ಬಾಗಿಲನ್ನು ಒದ್ದ. ಒಳಗೆ ಹೊಳೆಯಪ್ಪ ಐದನೆಯ ಬಾಟ್ಲಿ ಹಿಡಿದು ನಿಂತಿದ್ದ. ನಸುಕಿನಿಂದ ತಂಬಿಗೆಗಟ್ಟಲೆ ನೀರು ಕುಡಿದು ಹೊಟ್ಟೆ ನಗಾರಿಯಾಗಿತ್ತು. ನಾಲ್ಕು ಬಾಟ್ಲಿ ತುಂಬಿದ್ದವು, ಇನ್ನೂ ನಾಲ್ಕು ತುಂಬಬೇಕು. ಒಂದರ ಮೇಲೂ ಅವನ ಹೆಸರಿರಲಿಲ್ಲ. ಕೈಯಲ್ಲಿದ್ದ ಬಾಟ್ಲಿಯ ಚೀಟಿಯ ಮೇಲೆ ಮುಸ್ತಾಕನ ಹೆಸರಿತ್ತು. ಆ ಹೆಸರು ಓದಿದ ಕೂಡಲೇ ಬರುತ್ತಿದ್ದ ಉಚ್ಚೆ ಪ್ರತಿ ಸೋಮವಾರ ನಿಂತುಬಿಡುತ್ತಿತ್ತು.

ಇಬ್ಬರೂ ಶಿರಹಟ್ಟಿಯವರು. ನಡುವೆ ಒಂದೇ ಗೋಡೆಯ ಮನೆಗಳು. ಹೋದ ವರ್ಷ ಬೆಟಗೇರಿಯ ಗುತ್ತಿಗೆದಾರ ಮುದಕಪ್ಪ ಇಬ್ಬರನ್ನೂ ಒಂದೇ ರೈಲಿನಲ್ಲಿ ಕೂರಿಸಿ ದೂರದ ಕಡಲ ದಂಡೆಯ ಅಣುಸ್ಥಾವರಕ್ಕೆ ತಂದಿದ್ದ. ಕೆಲಸ ಒರೆಸುವುದು. ಸ್ಥಾವರದ ಕೊಳವೆಗಳೊಳಗೆ ಓಡುವ ನೀರು ನೋಡಲು ಊರ ಬಾವಿಯ ನೀರಿನಂತೆಯೇ ಇರುತ್ತದೆ, ಆದರೆ ಉರಿಯುವ ಗರ್ಭದ ಸುತ್ತ ಸುತ್ತಿ ಅದು ವಿಕಿರಣ ಹೊತ್ತಿರುತ್ತದೆ. ಎಲ್ಲೋ ಒಂದು ಪಂಪು ಸೋರುತ್ತದೆ. ಸೋರಿದ್ದು ಮೋರಿಗಿಳಿದು ಕಡಲು ಸೇರಬಾರದು, ಆವಿಯಾಗಿ ಗಾಳಿಗೆ ಹೋಗಬಾರದು. ಕಾಲಿನಿಂದ ತಲೆಯವರೆಗೆ ಒಂದೇ ಆದ ಪ್ಲಾಸ್ಟಿಕ್ ಅಂಗಿ ತೊಟ್ಟು, ಒರೆಸಿ, ಚಿಂದಿಯನ್ನೆಲ್ಲ ಹಳದಿ ಡ್ರಮ್ಮಿಗೆ ತುಂಬಿ ಮುಚ್ಚಬೇಕು. ಅಂಗಿ ಹರಿದಿದ್ದರೆ ಅದು ಉಸಿರಿನಿಂದ, ಚರ್ಮದಿಂದ ಮೈಗಿಳಿಯುತ್ತದೆ. ಎಷ್ಟು ಇಳಿಯಿತೆಂಬುದು ಉಚ್ಚೆಯಲ್ಲಿ ತಿಳಿಯುತ್ತದೆ. ಅದಕ್ಕೇ ವಾರಕ್ಕೊಂದು ಬಾಟ್ಲಿ. ಆ ಅಳತೆಯ ನಂಬರ್ ಮಿತಿ ದಾಟಿದರೆ ಒಳಗೆ ಬಿಡುವುದಿಲ್ಲ.

ಹೊಳೆಯಪ್ಪನ ನಂಬರ್ ಮೂರನೇ ವಾರಕ್ಕೇ ದಾಟಿತ್ತು. ಗಂಟು ಹೊರಿಸಿ ಊರಿಗೆ ಅಟ್ಟಿದ್ದರು. ಅದೇ ಪಂಪಿನ ಗುಂಡಿಯಲ್ಲಿ, ಅದೇ ನೀರು ಒರೆಸಿದ ಮುಸ್ತಾಕನ ನಂಬರ್ ಏರಲೇ ಇಲ್ಲ.

ಶಿರಹಟ್ಟಿಯಲ್ಲಿ ಕೆಲಸವಿಲ್ಲದೆ ಕೂತವನಿಗೆ ಗೋಡೆಯಾಚೆಯಿಂದ ಹೊಲಿಗೆ ಮಷಿನ್ನಿನ ಸದ್ದು ಕೇಳತೊಡಗಿತು. ಮುಸ್ತಾಕನ ಹೆಂಡತಿ ಮಾಸುಮಬಿ ಬಾಗಿಲಲ್ಲಿ ಕೂತು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಹೊಳೆಯಪ್ಪನ ಹೆಂಡತಿ ಸಿದ್ದಲಿಂಗವ್ವನೂ ತನ್ನದೊಂದನ್ನು ಅವಳ ಹತ್ತಿರವೇ ಹೊಲಿಸಿಕೊಂಡು ಬಂದು ಗಂಡನ ಮುಂದೆ ಝಾಡಿಸಿದಳು.

"ಅಂವಾ ಹೋದಲ್ಲೇ ನೀನೂ ಹೋಗಿದ್ದಿ. ಅಂವಂದೇನ ಕಲ್ಲಿನ ಮೈ, ನಿಂದೇನ ಹತ್ತೀದೋ?"

ಮಷಿನ್ನಿನ ಸದ್ದಿಗೆ ಹೊಳೆಯಪ್ಪನ ಹೊಟ್ಟೆ ಉರಿಯುತ್ತಿತ್ತು. ಮಷಿನ್ನು ನಿಂತಾಗ ಇನ್ನೂ ಉರಿಯುತ್ತಿತ್ತು. ಮುಸ್ತಾಕ ಫೋನ್ ಮಾಡಿರಬೇಕು, ಅವಳು ನಗುತ್ತಿರಬೇಕು ಎನ್ನಿಸುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ತಡೆಯಲಾಗದೆ ಗದಗಿನ ಬಸ್ಸು ಹತ್ತಿ ಬೆಟಗೇರಿಗೆ ಹೋದ. ಮುದಕಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ಕಟ್ಟೆಯ ಕೆಳಗೇ ನಿಲ್ಲು ಎಂದು ಎಡಗೈಯಲ್ಲಿ ತೋರಿಸಿದ. ರೊಟ್ಟಿ ಮುಗಿದು ಮಜ್ಜಿಗೆ ಮುಗಿಯುವವರೆಗೆ ಹೊಳೆಯಪ್ಪ ಬಿಸಿಲಲ್ಲಿ ನಿಂತ.

"ಮುಸ್ತಾಕಗ ಏನ ಮಂತ್ರ ಹಾಕೀರಿ ಯಪ್ಪಾ? ಅದನ್ನ ನನಗೂ ಹಾಕ್ರಿ."

ಮುದಕಪ್ಪ ತೇಗಿ ನಕ್ಕ. ಸಂತೆಯಲ್ಲಿ ಎತ್ತು ನೋಡುವವರಂತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಒಳಗ ಹೋಗಿ ಎಷ್ಟ ದಿನ ಆತು?"

"ನಾಕು ತಿಂಗಳರಿ."

"ಅಂದ್ರ ಎಲ್ಲಾ ಹೊಯ್ದು ಖಾಲಿ ಆಗಿರ್ತಿ. ಮುಸ್ತಾಕಂದು ಮಂತ್ರ ಅಲ್ಲಲೇ, ಅಂವನ ಬಾಟ್ಲ್ಯಾಗ ಬ್ಯಾರೆದವರ ಉಚ್ಚಿ. ನೀ ಹೋದ ಮ್ಯಾಲೆ ಇಷ್ಟ ದಿನಾ ಕ್ಯಾಂಪಿನ ಅಡಗಿಯಂವಾ ತುಂಬತಿದ್ದ, ಅಂವಗ ಸಕ್ರಿ ಬ್ಯಾನಿ ಬಂತು. ನೀ ಬರ್ತಿಯೇನು?"

"ಒಳಗ ಕೆಲಸಕ್ಕ ಕಳಸ್ರಿ. ನನ್ನ ಬಾಟ್ಲಿನೂ ಯಾರರೆ ತುಂಬಲಿ."

"ನಿನ್ನ ಹೆಸರು ಕೆಂಪ ಶಾಯ್ಯಾಗ ಐತಿ, ಒಳಗ ಬಿಡಂಗಿಲ್ಲ. ಬಂದ್ರ ಉಚ್ಚಿಗೆ ಬಾ, ಇಲ್ಲಾ ಮನ್ಯಾಗ ಹೊಯ್ಕೊಂತ ಕುಂಡರು."

ಹೀಗೆ ಹೊಳೆಯಪ್ಪ ಮತ್ತೆ ಕಡಲ ದಂಡೆಗೆ ಬಂದ. ಆರು ದಿನ ಕ್ಯಾಂಪು ಗುಡಿಸಬೇಕು, ಸೋಮವಾರ ಒಳಗೆ ಇಳಿಯುವ ಎಂಟು ಆಳುಗಳ ಬಾಟ್ಲಿ ತುಂಬಬೇಕು. ಕ್ಯಾಂಪಿನಲ್ಲಿ ಅವನಿಗೆ ಉಚ್ಚಿ ಹೊಳ್ಯಾ ಎಂದೇ ಹೆಸರಾಯಿತು. ಮುಸ್ತಾಕ ಮಾತ್ರ ಹಾಗೆ ಕರೆಯಲಿಲ್ಲ. ಪಾಳಿ ಮುಗಿಸಿ ಒದ್ದೆ ತಲೆಯಲ್ಲಿ ಬಂದು ತನ್ನ ತಾಟಿನ ಮೀನಿನ ತುಂಡನ್ನು ಅವನ ತಾಟಿಗೆ ದೂಡುತ್ತಿದ್ದ. "ತಿನ್ನೋ. ನೀ ಛಲೋ ಇದ್ರ ನನ್ನ ಮನಿ ನಡೀತೈತಿ" ಎನ್ನುತ್ತಿದ್ದ. ಅವನು ಬೈದಿದ್ದರೆ ಹೊಳೆಯಪ್ಪನಿಗೆ ಹಗುರಾಗುತ್ತಿತ್ತು. ಈ ಅಂತಃಕರಣ ಗಂಟಲಲ್ಲಿ ಮುಳ್ಳಾಗುತ್ತಿತ್ತು. ನನ್ನ ಉಚ್ಚೆಯ ಮೇಲೆ ಇವನು ಗಂಡಸಾಗಿದ್ದಾನೆ, ನನ್ನ ಉಚ್ಚೆಯ ಮೇಲೆ ಇವನ ಹೆಂಡತಿ ಮಷಿನ್ನು ತುಳಿಯುತ್ತಾಳೆ, ನಾನು ಕಸಬರಿಗೆ ಹಿಡಿದಿದ್ದೇನೆ.

ಮುದಕಪ್ಪ ಬಾಗಿಲು ಒದ್ದ ಆ ಸೋಮವಾರ ಹೊಳೆಯಪ್ಪ ಮುಸ್ತಾಕನ ಬಾಟ್ಲಿಯನ್ನು ಪಕ್ಕಕ್ಕಿಟ್ಟ. ಉಳಿದ ಮೂರನ್ನು ತುಂಬಿದ. ಮುಸ್ತಾಕನದಕ್ಕೆ ನಳದ ನೀರು ಹಿಡಿದು, ಕಿಸೆಯಲ್ಲಿ ಪುಟ್ಟ ಸೀಸೆಯೊಳಗೆ ತಂದಿದ್ದ ಚಹಾದ ಡಿಕಾಕ್ಷನ್ನು ನಾಲ್ಕು ಹನಿ ಬಿಟ್ಟು, ಮುಚ್ಚಳ ಬಿಗಿದ. ಬಣ್ಣ ಸರಿಯಾಗಿತ್ತು.

ಮರುದಿನವೇ ಸುರಕ್ಷತಾ ಅಧಿಕಾರಿ ಕ್ಯಾಂಪಿಗೆ ಬಂದ. ಮುಸ್ತಾಕನ ಬಾಟ್ಲಿಯಲ್ಲಿದ್ದದ್ದು ಉಚ್ಚೆಯಲ್ಲ, ಚಹಾದ ನೀರು ಎಂದು ಕಂಡುಹಿಡಿದ ಪ್ರಯೋಗಶಾಲೆಯ ಹುಡುಗಿಯೂ ಜೊತೆಗಿದ್ದಳು. ಎಂಟೂ ಜನರನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದರು.

"ಪ್ಯಾಂಟ್ ಬಿಚ್ಚಿ. ನನ್ನ ಕಣ್ಣೆದುರಿಗೇ ತುಂಬಬೇಕು. ನಾಯಿಗಳನ್ನು ನಂಬಬಹುದು, ನಿಮ್ಮನ್ನು ನಂಬೋ ಹಾಗಿಲ್ಲ" ಎಂದ ಅಧಿಕಾರಿ. ಹುಡುಗಿ ಆಚೆ ಮುಖ ಮಾಡಿದಳು.

"ನನಗೇನೂ ಗೊತ್ತಿಲ್ರಿ ಸಾಹೇಬ್ರ" ಎಂದು ಮುದಕಪ್ಪ ಕೈ ಮುಗಿದ. "ಹಲ್ಕಟ್ ಮಂದಿರಿ ಇವು, ಉಂಡ ಮನಿಗೆ ದ್ರೋಹ ಮಾಡ್ತಾವ."

ಐವತ್ತರ ಹತ್ತಿರದ ಮುಸ್ತಾಕ, ಗಡ್ಡ ಎದೆಗೆ ಒತ್ತಿಕೊಂಡು, ಎಲ್ಲರ ಮುಂದೆ ಬಾಟ್ಲಿ ಹಿಡಿದು ನಿಂತ. ಕಸಬರಿಗೆ ಹಿಡಿದ ಹೊಳೆಯಪ್ಪ ನೋಡಿದ. ಇದನ್ನು ನೋಡಬೇಕೆಂದೇ ಅವನು ಬಯಸಿದ್ದು. ಒಂದು ಕ್ಷಣ ಎದೆ ತಣ್ಣಗೂ ಆಯಿತು. ಆಮೇಲೆ ಕಣ್ಣು ಕೀಳಲು ಆಗಲಿಲ್ಲ, ನೆಡಲೂ ಆಗಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ಎಂಟು ಜನಕ್ಕೂ ಗಂಟು ಕಟ್ಟಿರೆಂದರು. ಮುಸ್ತಾಕ ಲುಂಗಿ ಮಡಚುತ್ತ ತಲೆ ಎತ್ತದೆ ಕೇಳಿದ.

"ಚಾ ಬೆರಸಿದಂವಾ ನೀನ ಹೌದಿಲ್ಲೋ?"

"ಹೌದು."

"ಯಾಕೋ?"

"ನಿನ್ನ ಮನ್ಯಾಗಿನ ಮಷಿನ್ನಿನ ಸಪ್ಪಳ ಕೇಳಾಕ ಆಗಲಿಲ್ಲ."

ಮುಸ್ತಾಕ ಬೈಯಲಿಲ್ಲ. ಮಡಚಿದ ಲುಂಗಿಯನ್ನು ಬಿಡಿಸಿ ಮತ್ತೆ ಮಡಚಿದ. "ನಂಬರ್ ಎಷ್ಟಂತ ಹೇಳಲಿಲ್ಲೋ ಹೊಳ್ಯಾ. ಆ ಹುಡುಗಿ ಕಾಗದ ನೋಡಿದ್ಳು, ನನ್ನ ಮಾರಿ ನೋಡಿದ್ಳು, ಕಾಗದ ಮಡಚಿ ಇಟ್ಕೊಂಡ್ಳು. ನೀರು ಭಾಳ ಕುಡಿ ಚಾಚಾ ಅಂದ್ಳು."

ಹೋದ ವರ್ಷ ನಂಬರ್ ದಾಟಿದಾಗ ತನ್ನ ಮುಖವನ್ನು ಯಾರೂ ನೋಡಿರಲಿಲ್ಲ. ಅದಕ್ಕೂ ಹೊಳೆಯಪ್ಪನಿಗೆ ಹೊಟ್ಟೆ ಉರಿಯಿತು. ಉರಿದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎಂಟು ಜನರನ್ನು ಹೊತ್ತ ಟೆಂಪೊ ಸ್ಟೇಷನ್ನಿನ ಕಡೆ ಹೋಗಿ ತಾಸಾಗಿರಲಿಲ್ಲ, ಸ್ಥಾವರದೊಳಗೆ ಅಪಾಯದ ಗಂಟೆ ಹೊಡೆಯಿತು. ಪಂಪಿನ ಸೀಲು ಒಡೆದಿತ್ತು. ಮುದಕಪ್ಪ ಏದುಸಿರು ಬಿಡುತ್ತ ಓಡಿ ಬಂದ.

"ಹೊಳ್ಯಾ, ನಡಿ ನಡಿ! ಕೆಂಪ ಶಾಯಿ ಅಳಿಸ್ಯಾರ. ನಿನಗ ಒಳಗ ಕೆಲಸ ಬಂತು."

ಬಟ್ಟೆ ಬದಲಿಸುವ ಕೋಣೆಯಲ್ಲಿ ಮುಂಡರಗಿ ಕಡೆಯ ಇಬ್ಬರು ಹೊಸ ಆಳುಗಳು ಪ್ಲಾಸ್ಟಿಕ್ ಅಂಗಿ ಏರಿಸುತ್ತಿದ್ದರು. ಹೊಳೆಯಪ್ಪನ ಕೈಗೆ ಬಂದ ಅಂಗಿಯ ಬೆನ್ನ ಮೇಲೆ ಮುಸ್ತಾಕನ ಹೆಸರಿತ್ತು. ಕಾಲು ತೂರಿಸಿದ. ಅಂಗಿ ಅವನಿಗಿಂತ ಗೇಣು ಉದ್ದ. ಬೇಡಿ ಬೇಡಿ, ಹೊಟ್ಟೆಕಿಚ್ಚಿನಲ್ಲಿ ಸುಟ್ಟುಕೊಂಡು, ಕೊನೆಗೂ ಸಿಕ್ಕಿದ ಜಾಗ ಇದು. ಕಂಕುಳಲ್ಲಿ ಹರಿದ ಕಡೆ ಟೇಪು ಅಂಟಿಸಿತ್ತು. ಒಂದರ ಮೇಲೊಂದು, ನಾಲ್ಕು ಸುತ್ತು. ಇಷ್ಟು ದಿನವೂ ಮುಸ್ತಾಕ ಇದನ್ನೇ ತೊಟ್ಟು ಇಳಿದಿದ್ದ.

ದಪ್ಪ ಗಾಜಿನ ಆಚೆ ನೀರು ನೆಲದ ಮೇಲೆ ಹರಡುತ್ತಿತ್ತು.

"ಬೇಗ!" ಎಂದ ಬಾಗಿಲಲ್ಲಿ ನಿಂತಿದ್ದ ಅಧಿಕಾರಿ. "ಮೋರಿಯ ಬಾಯಿ ತಲುಪೋಕೆ ಮುಂಚೆ ಒರೆಸಬೇಕು. ಒಂದು ಹನಿಯೂ ಹೊರಗೆ ಹೋಗಬಾರದು."

ಹೊಳೆಯಪ್ಪ ಕಾಲನ್ನು ಅಂಗಿಯಿಂದ ಹೊರಗೆಳೆದ.

"ಮುಸ್ತಾಕನ ನಂಬರ್ ಎಷ್ಟ್ರಿ?"

"ಏನು?"

"ಒಂದು ಹನಿ ಹೊರಗ ಹೋಗಬಾರದು ಅಂದ್ರಿ. ಎಂಟು ಮಂದಿ ಹೊಟ್ಯಾಗ ತುಂಬಿ ಊರಿಗೆ ಕಳಸೀರಲ್ರಿ, ಅದು ಹೊರಗಲ್ಲೇನು? ಎಷ್ಟು ಕಳಸೀರಿ, ಹೇಳ್ರಿ."

ಮುದಕಪ್ಪ ಕಪಾಳಕ್ಕೆ ಹೊಡೆದ. "ಉಚ್ಚಿ ಹೊಯ್ಯೋ ಸೂಳಿಮಗನ, ಸಾಹೇಬ್ರಿಗೆ ಲೆಕ್ಕಾ ಕೇಳ್ತಿಯೇನಲೇ?"

ಹೊಳೆಯಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕೈಗೆ ಕೊಟ್ಟಿದ್ದ ಒರೆಸುವ ಕೋಲನ್ನು ಅಧಿಕಾರಿಯ ಕಾಲ ಬಳಿ ಹಾಕಿ, ಒಳಬಾಗಿಲಿಗೆ ಅಡ್ಡಲಾಗಿ ಹೊಸ್ತಿಲ ಮೇಲೆ ಕೂತ.

"ಎಂಟೂ ನಂಬರ್ ಬಾಯಿ ಬಿಟ್ಟು ಹೇಳ್ರಿ. ಇವರೂ ಕೇಳಲಿ. ಆಮ್ಯಾಲೆ ಒರಸ್ತೀನಿ, ನಾಲಿಗ್ಯಾಗ ಬೇಕಂದ್ರ ನಾಲಿಗ್ಯಾಗ."

ಮುಂಡರಗಿಯ ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬ ಮೆಲ್ಲಗೆ ತಲೆಯ ಮುಸುಕು ತೆಗೆದ. ಇನ್ನೊಬ್ಬ ತನ್ನ ಕಂಕುಳು ಎತ್ತಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡತೊಡಗಿದ.

ಅಧಿಕಾರಿ ಕೈಯಲ್ಲಿದ್ದ ನಂಬರುಗಳ ಕಡತ ತೆರೆದ, ಮುಚ್ಚಿದ, ಮತ್ತೆ ತೆರೆದ. ಗಾಜಿನಾಚೆ ನೀರು ಮೋರಿಗೆ ಮೊಳ ದೂರದಲ್ಲಿತ್ತು. ಕೋಲು ನೆಲದ ಮೇಲೆ ಬಿದ್ದಲ್ಲೇ ಇತ್ತು. ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.